ಪ್ರಗತಿಪುಸ್ತಕದ ಕತೆ: ಕನ್ನಡ ಶಾಲೆಯಲ್ಲಿ ‘ದಿ ರಿಪೋರ್ಟ್ ಕಾರ್ಡ್’ ಕಾದಂಬರಿ ಕಲಿಸುವುದು ಹೇಗೆ?

ಮೇ 1ರಂದು ಧ್ವಜವಂದನೆ ಮುಗಿದ ಮೇಲೆ ಮಕ್ಕಳ ಕೈಗೆ ಪ್ರಗತಿಪುಸ್ತಕ ಕೊಟ್ಟು ನಿಕಾಲ ಹೇಳುವುದು ನಮ್ಮ ಭಾಗದ ಶಾಲೆಗಳಲ್ಲಿ ಬಹಳ ಕಾಲದ ರೂಢಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳೂ ಇದಕ್ಕೆ ಹೊರತಲ್ಲ. ಅಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ, ಯಾರ ಮನೆಯ ಹುಡುಗ ಶಾಣ್ಯಾ, ಯಾರ ಮನೆಯ ಹುಡುಗಿ ದಡ್ಡಿ ಅಂತ. ಕಾಗದದ ಮೇಲಿನ ಅಕ್ಷರ ಮುಂದಿನ ವರ್ಷ ಬದಲಾಗಬಹುದು. ಊರು ಇಟ್ಟ ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ.

ಈ ಸಂಗತಿಯನ್ನೇ ಹಿಡಿದು ಬರೆದ ಒಂದು ಮಕ್ಕಳ ಕಾದಂಬರಿ ಇದೆ. ಅಮೇರಿಕೆಯ ಆಂಡ್ರ್ಯೂ ಕ್ಲೆಮೆಂಟ್ಸ್ ಬರೆದ ‘ದಿ ರಿಪೋರ್ಟ್ ಕಾರ್ಡ್’, 2004ರಲ್ಲಿ ಪ್ರಕಟವಾದದ್ದು. ಕ್ಲೆಮೆಂಟ್ಸ್ ಬರವಣಿಗೆಗೆ ಇಳಿಯುವ ಮೊದಲು ಶಾಲೆಯಲ್ಲಿ ಕಲಿಸಿದವರು, 2019ರಲ್ಲಿ ತೀರಿಕೊಂಡರು. ನಮ್ಮ ಸದಸ್ಯರಲ್ಲಿ ಗುರುಗಳು ಬಹಳ ಮಂದಿ, ಪಾಲಕರಂತೂ ಬಹುತೇಕ ಎಲ್ಲರೂ. ಈ ಕಾದಂಬರಿಯನ್ನು ನಮ್ಮ ಐದರಿಂದ ಏಳನೆಯ ಇಯತ್ತೆಯ ಮಕ್ಕಳಿಗೆ ಹೇಗೆ ಕಲಿಸಬಹುದು, ಎಲ್ಲಿ ನಿಲ್ಲಿಸಿ ಮಾತಾಡಬೇಕು, ಎಲ್ಲಿ ಕಾದಂಬರಿಯ ಮಾತನ್ನು ಹಾಗೆಯೇ ಒಪ್ಪಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ಕತೆ. ಕನೆಕ್ಟಿಕಟ್ ರಾಜ್ಯದ ಒಂದು ಶಾಲೆಯಲ್ಲಿ ಐದನೆಯ ತರಗತಿಯ ಹುಡುಗಿ ನೋರಾ. ಅವಳಿಗೆ ಅಸಾಧಾರಣ ಬುದ್ಧಿ, ಆದರೆ ಅದು ಯಾರಿಗೂ ಗೊತ್ತಿಲ್ಲ. ತಾನು ಎಲ್ಲರಂತೆ ಇರಬೇಕು ಎಂಬ ಆಸೆಯಿಂದ ಚಿಕ್ಕಂದಿನಿಂದಲೂ ಅದನ್ನು ಮುಚ್ಚಿಟ್ಟುಕೊಂಡು ಬಂದಿದ್ದಾಳೆ. ಸಾಮಾನ್ಯ ಮಗು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಗೆಳೆಯ ಸ್ಟೀಫನ್‌ನನ್ನು ನೋಡಿ ನಕಲು ಮಾಡುತ್ತಾಳೆ. ಸ್ಟೀಫನ್ ಒಳ್ಳೆಯ ಹುಡುಗ, ಕಷ್ಟಪಟ್ಟು ಓದುವವನು. ಆದರೆ ನಾಲ್ಕನೆಯ ತರಗತಿಯಲ್ಲಿ ರಾಜ್ಯಮಟ್ಟದ ಪರೀಕ್ಷೆಯೊಂದು ಬಂದ ಮೇಲೆ ತಾನು ದಡ್ಡ ಎಂದು ನಂಬಿಬಿಡುತ್ತಾನೆ. ಇದನ್ನು ನೋಡಿ ನೋರಾಗೆ ಸಿಟ್ಟು ಬರುತ್ತದೆ. ಅಂಕಕ್ಕೂ ಬುದ್ಧಿಗೂ ನೇರ ಸಂಬಂಧವಿಲ್ಲ ಎಂದು ತೋರಿಸಲು ಬೇಕೆಂದೇ ತಪ್ಪು ಬರೆದು, ಒಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ‘ಡಿ’ ಶ್ರೇಣಿ ತರುತ್ತಾಳೆ. ಮನೆಯವರು, ಗುರುಗಳು, ಮುಖ್ಯಾಧ್ಯಾಪಕರು, ಮನೋವಿಜ್ಞಾನಿ, ಎಲ್ಲರೂ ಸೇರಿ ಸಭೆ ಮಾಡುವಂತಾಗುತ್ತದೆ. ಗ್ರಂಥಾಲಯದ ಬಾಯಿಯವರಿಗೆ ಮಾತ್ರ ಗುಟ್ಟು ತಿಳಿಯುತ್ತದೆ, ಏಕೆಂದರೆ ಆ ಹುಡುಗಿ ಅಲ್ಲಿನ ಕಂಪ್ಯೂಟರಿನಲ್ಲಿ ಏನೇನು ಓದುತ್ತಾಳೆ ಎಂಬುದು ಅವರ ಕಣ್ಣಿಗೆ ಬಿದ್ದಿದೆ.

ಪ್ರತಿ ಮಗುವಿಗೂ ಒಂದು ಪ್ರತಿ ಬೇಕಿಲ್ಲ. ಇಂಗ್ಲಿಷಿನಲ್ಲಿ ಓದಿಸುವ ಹಟವೂ ಬೇಡ. ಗುರುಗಳ ಕೈಯಲ್ಲಿ ಒಂದು ಪ್ರತಿ ಇದ್ದು, ಅವರು ಮೊದಲೇ ಓದಿಕೊಂಡು ನಮ್ಮ ಮಾತಿನಲ್ಲಿ ಹೇಳಿದರೆ ಸಾಕು. ಅಮೇರಿಕೆಯ ಹೆಸರು, ಊರುಗಳನ್ನು ಹಾಗೆಯೇ ಇಡಿ. ನೋರಾಳನ್ನು ನೀಲಮ್ಮ ಮಾಡಿದರೆ ಮಕ್ಕಳಿಗೆ ಅದು ತಮ್ಮದೇ ಶಾಲೆಯ ದೂರಿನಂತೆ ಕೇಳಿಸಿ ಬಾಯಿ ಮುಚ್ಚಿಕೊಳ್ಳುತ್ತವೆ. ಕತೆ ದೂರದ್ದಾದರೆ ಮಾತು ಸಲೀಸು. ವಾರಕ್ಕೆ ಒಂದು ತಾಸಿನಂತೆ ಆರು ವಾರ ಹಿಡಿದರೆ ಮುಗಿಯುತ್ತದೆ.

ಕತೆ ಶುರುವಾಗುವುದು ಶಾಲೆಯ ಬಸ್ಸಿನಲ್ಲಿ, ಪ್ರಗತಿಪತ್ರ ಕೈಗೆ ಬಂದ ದಿನ. ಸ್ಟೀಫನ್ ನೋಡಬೇಕೆನ್ನುತ್ತಾನೆ, ನೋರಾ ತೋರಿಸಲೊಲ್ಲಳು. ಅಲ್ಲಿಯೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಬಹುದು: ನಿಮ್ಮ ಪ್ರಗತಿಪುಸ್ತಕವನ್ನು ಮನೆಯಲ್ಲಿ ಮೊದಲು ಯಾರಿಗೆ ತೋರಿಸುತ್ತೀರಿ? ಉತ್ತರ ‘ಅವ್ವಗ’ ಅಂತ ಬರುತ್ತದೆ, ‘ಆಯಿಗೆ’ ಅಂತ ಬರುತ್ತದೆ. ‘ಅಪ್ಪಗ’ ಅಂತ ಬರುವುದು ಕಡಿಮೆ. ಯಾಕೆ ಎಂದು ಕೇಳಲು ಹೋಗಬೇಡಿ. ಯಾಕೆ ಎಂದು ಎಲ್ಲರಿಗೂ ಗೊತ್ತು.

ನೋರಾಳ ‘ಡಿ’ ನಮ್ಮಲ್ಲಿ ಎಷ್ಟಕ್ಕೆ ಬರುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತವೆ. ಮಹಾರಾಷ್ಟ್ರದಲ್ಲಿ 2010ರಿಂದ ಒಂದರಿಂದ ಎಂಟನೆಯ ಇಯತ್ತೆಯವರೆಗೆ ಸಾತತ್ಯಪೂರ್ಣ ಸರ್ವಂಕಷ ಮೌಲ್ಯಮಾಪನ ಬಂತು. ವರ್ಷವಿಡೀ ನಡೆಯುವುದು ಆಕಾರಿಕ, ಸತ್ರದ ಕೊನೆಗೆ ನಡೆಯುವುದು ಸಂಕಲಿತ. ಎರಡನ್ನೂ ಕೂಡಿಸಿ ಶ್ರೇಣಿ ಬರೆಯುತ್ತಾರೆ. 91ರಿಂದ 100ರವರೆಗೆ ಅ-1, 81ರಿಂದ 90ರವರೆಗೆ ಅ-2, ಹಾಗೆಯೇ ಇಳಿಯುತ್ತ 33ರಿಂದ 40ಕ್ಕೆ ಡ. ಫಳೀಯ ಮೇಲೆ ಈ ಕೋಷ್ಟಕ ಬರೆದು ಒಂದು ಲೆಕ್ಕ ಕೊಡಿ: 90 ಬಂದ ಹುಡುಗಿಗೂ 91 ಬಂದ ಹುಡುಗಿಗೂ ಎಷ್ಟು ಅಂತರ? 81 ಬಂದವನಿಗೂ 90 ಬಂದವಳಿಗೂ ಎಷ್ಟು? ಒಂದು ಗುಣದ ಅಂತರಕ್ಕೆ ಬೇರೆ ಬೇರೆ ಅಕ್ಷರ, ಒಂಬತ್ತು ಗುಣದ ಅಂತರಕ್ಕೆ ಒಂದೇ ಅಕ್ಷರ. ಗಣಿತದ ತಾಸು ಹಾಳಾಯಿತು ಎಂದು ಯಾರೂ ಹೇಳಲಾರರು, ಇದು ಗಣಿತವೇ.

ಎರಡನೆಯ ನಿಲುಗಡೆ ಸ್ಟೀಫನ್‌ನ ಪರೀಕ್ಷೆ. ನಮ್ಮ ಮಕ್ಕಳಿಗೆ ಇದರ ಹತ್ತಿರದ ಗೆಳೆಯ ಎಂದರೆ ಶಿಷ್ಯವೃತ್ತಿ ಪರೀಕ್ಷೆ. ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಈ ಪರೀಕ್ಷೆ ಬಹುಕಾಲ ನಾಲ್ಕು ಮತ್ತು ಏಳನೆಯ ಇಯತ್ತೆಗೆ ಇತ್ತು, 2017ರಿಂದ ಕೆಲವು ವರ್ಷ ಐದು ಮತ್ತು ಎಂಟಕ್ಕೆ ಇತ್ತು. ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಎರಡು ಪ್ರಶ್ನೆಪತ್ರಿಕೆ, ಒಂದೊಂದರಲ್ಲೂ 75 ಪ್ರಶ್ನೆ, 150 ಗುಣ, ಒಟ್ಟು 300. ಮೊದಲನೆಯದರಲ್ಲಿ ಪ್ರಥಮ ಭಾಷೆ ಮತ್ತು ಗಣಿತ. ಎರಡನೆಯದರಲ್ಲಿ ಇನ್ನೊಂದು ಭಾಷೆ ಮತ್ತು ಬುದ್ಧಿಮತ್ತಾ ಚಾಚಣಿ. ಅಂದರೆ 300ರಲ್ಲಿ 100 ಗುಣ ಬುದ್ಧಿಮತ್ತೆಯ ಹೆಸರಿನಲ್ಲೇ ಇವೆ.

ಈ ಹೆಸರಿನ ಬಗ್ಗೆ ಸ್ವಲ್ಪ ನಿಂತು ಮಾತಾಡುವುದು ಅಗತ್ಯ. ಗಣಿತದಲ್ಲಿ ಗುಣ ಕಡಿಮೆ ಬಂದರೆ ಮಗು ‘ನನಗ ಗಣಿತ ಬರೂದಿಲ್ಲ’ ಅನ್ನುತ್ತದೆ. ಬುದ್ಧಿಮತ್ತೆಯಲ್ಲಿ ಕಡಿಮೆ ಬಂದರೆ ಏನನ್ನಬೇಕು? ‘ನನಗ ಬುದ್ಧಿ ಇಲ್ಲ’ ಅನ್ನುತ್ತದೆ. ಆದರೆ ಆ ವಿಭಾಗದಲ್ಲಿ ಇರುವುದೇನು? ಗುಂಪಿಗೆ ಸೇರದ ಪದ, ಸಂಖ್ಯೆಗಳ ಸರಣಿ, ಕನ್ನಡಿಯ ಬಿಂಬ, ದಿಕ್ಕು, ಸಂಕೇತ ಭಾಷೆ. ಇವೆಲ್ಲ ಅಭ್ಯಾಸದಿಂದ ಸುಧಾರಿಸುವಂಥವು. ಜೂನ್‌ನಲ್ಲಿ ನವಿ ಪೇಠೆಗೆ ವಹಿ-ಪುಸ್ತಕ ಕೊಳ್ಳಲು ಬಂದ ಪಾಲಕರು ಶಿಷ್ಯವೃತ್ತಿಯ ಮಾರ್ಗದರ್ಶಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗುವುದೇ ಇದಕ್ಕೆ ಸಾಕ್ಷಿ. ಹುಟ್ಟಿನಿಂದ ಬಂದು ಬದಲಾಗದೆ ಉಳಿಯುವ ವಸ್ತುವನ್ನು ಅಳೆಯುವುದಾದರೆ ಮಾರ್ಗದರ್ಶಿ ಕೊಂಡು ಏನು ಫಲ?

ಬುದ್ಧಿಯನ್ನು ಅಳೆಯುವ ಕೆಲಸ ಎಲ್ಲಿಂದ ಶುರುವಾಯಿತು ಎಂಬ ಕತೆ ಮಕ್ಕಳಿಗೆ ಹಿಡಿಸುತ್ತದೆ. ಅದರಲ್ಲಿ ನಮ್ಮ ಭಾಗದ ಪಾಲೂ ಇದೆ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಮೊದಲ ಅಳತೆಗೋಲನ್ನು ಸಿದ್ಧಪಡಿಸಿದರು. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದು ಅದರ ಉದ್ದೇಶ. ಬುದ್ಧಿ ಹೆಚ್ಚುವುದೇ ಇಲ್ಲ ಎನ್ನುವವರ ಮಾತನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಬಲವಾಗಿ ಅಲ್ಲಗಳೆದರು. ಎರಡು ವರ್ಷದಲ್ಲಿ ಅವರು ತೀರಿಹೋದರು. ಅಳತೆಗೋಲು ಅಮೇರಿಕೆಗೆ ದಾಟಿತು. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ತಿದ್ದಿ ಬೆಳೆಸಿದರು. ಟರ್ಮನ್ ಅವರದು ಬಿನೆಗೆ ತದ್ವಿರುದ್ಧ ನಂಬಿಕೆ. ಬುದ್ಧಿ ವಂಶದಿಂದ ಬರುವ ಆಸ್ತಿ ಎಂದು ಅವರು ತಿಳಿದಿದ್ದರು. ನೆರವಿಗೆಂದು ಹುಟ್ಟಿದ ಅಳತೆ ಶ್ರೇಣಿ ಹಚ್ಚುವ ಅಳತೆಯಾಯಿತು.

ಅಲ್ಲಿಂದ ಅದು ನಮ್ಮ ಕಡೆಗೆ ಬಂತು. ಸೊಲ್ಲಾಪುರವೂ ಧಾರವಾಡವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಡಾ. ವಿ. ವಿ. ಕಾಮತ್ ಎಂಬ ಶಿಕ್ಷಣತಜ್ಞರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಸದಾಗಿ ಹೊಂದಿಸಿದರು. 1934ರಲ್ಲಿ ಅದರ ಬಗ್ಗೆ ಇಂಗ್ಲೆಂಡಿನ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ಬರೆದರು, 1940ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಮುಂಬಯಿ-ಕರ್ನಾಟಕ ಪರಿಷ್ಕರಣ ಎಂದು ಹೆಸರಾದದ್ದು ಇದೇ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ದೇಶದ ಬೇರೆ ಭಾಷೆಗಳಿಗೂ ಹೋಯಿತು. ಮಗುವಿನ ಬೌದ್ಧಿಕ ಅಸಮರ್ಥತೆಯನ್ನು ಗುರುತಿಸುವಾಗ ಇಂದಿಗೂ ಇದನ್ನು ಬಳಸುತ್ತಾರೆ. ಎರಡು ಭಾಷೆ ಕೂಡುವ ಜಾಗದ ಮಕ್ಕಳನ್ನು ಮುಂದಿಟ್ಟುಕೊಂಡು ಇಷ್ಟು ದೊಡ್ಡ ಕೆಲಸ ನಡೆದಿದೆ ಎಂಬುದು ನಮ್ಮ ಎಷ್ಟೋ ಗುರುಗಳಿಗೂ ಹೊಸ ವಿಷಯ.

ಹೊಸದಾಗಿ ಹೊಂದಿಸಬೇಕಾದದ್ದು ಯಾಕೆ? ಬಿನೆಯ ಮೂಲ ಪರೀಕ್ಷೆಯಲ್ಲಿ ಮಗುವಿಗೆ ನಾಣ್ಯ ತೋರಿಸಿ ಹೆಸರು ಕೇಳುವ ಪ್ರಶ್ನೆ ಇತ್ತು. ಫ್ರಾನ್ಸಿನ ನಾಣ್ಯವನ್ನು ಅಕ್ಕಲಕೋಟೆಯ ಮಗು ಗುರುತಿಸದಿದ್ದರೆ ಅದು ಬುದ್ಧಿಯ ಕೊರತೆಯೇ? ಈ ಪ್ರಶ್ನೆಗೆ ಮಕ್ಕಳು ನಗುತ್ತವೆ. ನಕ್ಕ ಮೇಲೆ ಅವಕ್ಕೊಂದು ಕೆಲಸ ಕೊಡಿ: ನಾವೇ ಒಂದು ಪರೀಕ್ಷೆ ಮಾಡೋಣ, ನಮ್ಮೂರಿನ ಮಗು ಸಲೀಸಾಗಿ ಪಾಸಾಗಬೇಕು, ಪುಣೆಯ ಮಗು ನಾಪಾಸಾಗಬೇಕು. ಬಿಳಿಜೋಳದ ಸುಗ್ಗಿ ಯಾವ ತಿಂಗಳು? ಗಡ್ಡಿಯಾತ್ರೆಯಲ್ಲಿ ಸಿದ್ಧೇಶ್ವರನ ನಂದಿಕೋಲು ಎಷ್ಟು? ದುಧನಿಯ ಗಾಡಿ ಹಿಡಿಯಲು ಎಲ್ಲಿ ನಿಲ್ಲಬೇಕು? ಹತ್ತು ನಿಮಿಷದಲ್ಲಿ ಮೂವತ್ತು ಪ್ರಶ್ನೆ ಬರುತ್ತವೆ. ಪ್ರಶ್ನೆ ಬರೆದವನು ಯಾರು ಎಂಬುದರ ಮೇಲೆ ಪಾಸು-ನಾಪಾಸು ಎಷ್ಟು ನಿಂತಿದೆ ಎಂಬುದನ್ನು ಬೇರೆ ಹೇಳಿಕೊಡಬೇಕಾಗುವುದಿಲ್ಲ.

ಇನ್ನೊಂದು ಪ್ರಯೋಗ ಗಡಿಭಾಗದ ಶಾಲೆಗಳಿಗೆ ಹೇಳಿ ಮಾಡಿಸಿದಂಥದ್ದು. ಬಿನೆಯ ಕಾಲದಿಂದಲೂ ಬುದ್ಧಿ ಪರೀಕ್ಷೆಗಳಲ್ಲಿ ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ತಿರುಗಿ ಹೇಳುವ ಭಾಗ ಇರುತ್ತದೆ. ಬ್ರಿಟನ್ನಿನ ವೇಲ್ಸ್ ಭಾಗದ ಮಕ್ಕಳು ಈ ಭಾಗದಲ್ಲಿ ಕಡಿಮೆ ಗುಣ ಪಡೆಯುತ್ತಿದ್ದರು. 1980ರಲ್ಲಿ ಎಲಿಸ್ ಮತ್ತು ಹೆನ್ನೆಲಿ ಎಂಬಿಬ್ಬರು ಸಂಶೋಧಕರು ಕಾರಣ ತೋರಿಸಿದರು: ವೆಲ್ಷ್ ಭಾಷೆಯಲ್ಲಿ ಅಂಕಿಗಳ ಹೆಸರು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಚ್ಚು ಹೊತ್ತು ಹಿಡಿದಷ್ಟೂ ನೆನಪಿನಲ್ಲಿ ಉಳಿಯುವ ಅಂಕಿ ಕಡಿಮೆ. ಕೊರತೆ ಮಕ್ಕಳ ತಲೆಯಲ್ಲಿರಲಿಲ್ಲ.

ಈಗ ನಮ್ಮ ಅಂಕಿಗಳನ್ನು ನೋಡಿ. ಮರಾಠಿಯಲ್ಲಿ ಏಕ್, ದೋನ್, ತೀನ್, ಚಾರ್, ಪಾಚ್. ಕನ್ನಡದಲ್ಲಿ ಒಂದು, ಎರಡು, ಮೂರು, ನಾಲ್ಕು, ಐದು. ಮರಾಠಿಯವು ಹೆಚ್ಚಾಗಿ ಒಂದೇ ಉಸಿರಿನ ಪದಗಳು, ಕನ್ನಡದವು ಎರಡು ಮೂರು ಅಕ್ಷರದ ಪದಗಳು. ಎರಡೂ ಭಾಷೆ ಬಲ್ಲ ಒಬ್ಬ ಹುಡುಗನಿಗೆ ಐದು, ಆರು, ಏಳು ಅಂಕಿಗಳ ಸಾಲನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿ, ತಿರುಗಿ ಹೇಳಲು ಕೇಳಿ. ಎಲ್ಲ ಮಕ್ಕಳಿಗೂ ಮಾಡಿ ಫಳೀಯ ಮೇಲೆ ಬರೆಯಿರಿ. ವ್ಯತ್ಯಾಸ ಬಂದರೂ ಬರಬಹುದು, ಬಾರದಿದ್ದರೂ ಮಾತಾಡಲು ವಿಷಯ ಸಿಕ್ಕಂತೆ. ನಮ್ಮ ಆಡುಮಾತಿನಲ್ಲಿ ಒಂದ, ಎರಡ, ಮೂರ, ನಾಕ ಎಂದು ಅಂಕಿಗಳು ಗಿಡ್ಡವಾಗಿವೆ, ಅದನ್ನೂ ಪರೀಕ್ಷೆಗೆ ಒಡ್ಡಬಹುದು. ಒಂದೇ ತಲೆ, ಒಂದೇ ದಿನ, ಭಾಷೆ ಬದಲಾದರೆ ಗುಣ ಬದಲಾಗಬಹುದೆ ಎಂಬ ಪ್ರಶ್ನೆಯನ್ನು ಐದನೆಯ ಇಯತ್ತೆಯ ಮಗು ತನ್ನ ಕೈಯಾರೆ ಪರೀಕ್ಷಿಸಿ ನೋಡುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದೇ ಹೆಚ್ಚು ಬೆಲೆಯ ತಾಸು.

ಮೂರನೆಯ ನಿಲುಗಡೆ ನೋರಾ ತನ್ನ ಬುದ್ಧಿಯನ್ನು ಮುಚ್ಚಿಡುವ ಭಾಗ. ಇಲ್ಲಿ ಕೆಲವು ಮಕ್ಕಳು ಗೊಂದಲಕ್ಕೆ ಬೀಳುತ್ತವೆ. ‘ಅಕಿಗೆ ಬರ್ತಿತ್ತಲ್ರಿ, ಮತ್ಯಾಕ ತಪ್ಪ ಬರದ್ಳು?’ ಎಂಬ ಪ್ರಶ್ನೆ ಬರುತ್ತದೆ. ಬರುವುದನ್ನು ಬಾರದು ಎಂದು ತೋರಿಸಿಕೊಳ್ಳುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ, ಅವು ಮುಚ್ಚಿಡುವ ವಸ್ತು ಬೇರೆ, ಅಷ್ಟೇ. ಕನ್ನಡ ಶಾಲೆ ಮುಗಿಸಿ ಮರಾಠಿ ಮಾಧ್ಯಮದ ಹಾಯಸ್ಕೂಲಿಗೆ ಸೇರಿದ ಹುಡುಗಿ ಮೊದಲ ಮೂರು ತಿಂಗಳು ವರ್ಗದಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಉತ್ತರ ಗೊತ್ತಿರುತ್ತದೆ, ಹೇಳುವಾಗ ಉಚ್ಚಾರಕ್ಕೆ ನಗುತ್ತಾರೆಂಬ ಅಂಜಿಕೆ. ಗುರುಗಳು ಅವಳನ್ನು ಹಿಂದಿನ ಬಾಕಿನವರ ಲೆಕ್ಕಕ್ಕೆ ಹಾಕುತ್ತಾರೆ. ಇನ್ನೊಬ್ಬ ಹುಡುಗ ಗೆಳೆಯರ ಎದುರಿಗೆ ಅವ್ವನ ಫೋನ್ ಬಂದರೆ ದೂರ ಹೋಗಿ ಮಾತಾಡುತ್ತಾನೆ. ಅದೇ ಹುಡುಗ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಿಗೆ ಮರಾಠಿಯಲ್ಲಿ ತೆಂಗಿನಕಾಯಿ ಮಾರಿ, ಹಿಂದಿಯಲ್ಲಿ ಚಿಲ್ಲರೆ ಲೆಕ್ಕ ಹೇಳಿ, ಅಪ್ಪನಿಗೆ ಕನ್ನಡದಲ್ಲಿ ವರದಿ ಒಪ್ಪಿಸುತ್ತಾನೆ. ಮೂರು ಭಾಷೆಯನ್ನು ಹೀಗೆ ಉಪಯೋಗಿಸುವ ಹತ್ತು ವರ್ಷದ ಮಗುವಿಗೆ ಕೊಡಲು ಪ್ರಗತಿಪುಸ್ತಕದಲ್ಲಿ ಯಾವ ಚೌಕವಿದೆ?

ಈ ಪ್ರಶ್ನೆಯನ್ನು ಮಕ್ಕಳಿಗೆ ನೇರವಾಗಿ ಕೇಳಬಾರದು, ನಾಚಿಕೊಳ್ಳುತ್ತವೆ. ನೋರಾ ಯಾರ ಮುಂದೆ ನಿಜ ಹೇಳಿದಳು ಎಂದು ಕೇಳಿ. ಗ್ರಂಥಾಲಯದ ಬಾಯಿಯವರ ಮುಂದೆ. ಯಾಕೆ ಅವರ ಮುಂದೆಯೇ? ಅಲ್ಲಿಂದ ಮಾತು ತಾನಾಗಿ ತಮ್ಮ ಕಡೆಗೆ ತಿರುಗುತ್ತದೆ.

ಇನ್ನು ಕಾದಂಬರಿಯ ದುರ್ಬಲ ಭಾಗ. ಗುಟ್ಟು ಹೊರಬಿದ್ದ ಮೇಲೆ ನೋರಾ ಮತ್ತು ಸ್ಟೀಫನ್ ಇನ್ನೊಂದು ಯೋಜನೆ ಹೂಡುತ್ತಾರೆ, ಮಕ್ಕಳೆಲ್ಲ ಸೇರಿ ಬೇಕೆಂದೇ ಸೊನ್ನೆ ತೆಗೆದುಕೊಳ್ಳುವುದು. ಮಕ್ಕಳಿಗೆ ಇದು ಬಲು ಇಷ್ಟ, ಕೈ ಚಪ್ಪಾಳೆ ತಟ್ಟುತ್ತವೆ. ಗುರುಗಳು ಇಲ್ಲಿ ಎಚ್ಚರದಿಂದಿರಬೇಕು. ನೋರಾಗೆ ಸೊನ್ನೆ ಬಂದರೆ ಹೋಗುವುದೇನೂ ಇಲ್ಲ. ಹಿಂದೆ ಗಟ್ಟಿ ಮನೆಯಿದೆ, ಅವಳ ಬುದ್ಧಿಯಂತೂ ಎಲ್ಲಿಯೂ ಹೋಗುವುದಿಲ್ಲ. ಮಗ್ಗದ ಕೂಲಿಯವನ ಮಗಳಿಗೆ ಶಿಷ್ಯವೃತ್ತಿಯ ಹಣ, ಎಂಟನೆಯ ಇಯತ್ತೆಯ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಪಾಸಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ ಸಿಗುವ 12,000 ರೂಪಾಯಿ, ಇವು ಶಾಲೆ ಮುಂದುವರಿಸಲು ಇರುವ ದಾರಿ. ಪರೀಕ್ಷೆಯನ್ನು ಅಣಕಿಸುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವ ಆಟವಲ್ಲ. ಕ್ಲೆಮೆಂಟ್ಸ್ ಈ ಮಾತನ್ನು ಸ್ವಲ್ಪ ಹಗುರವಾಗಿ ದಾಟಿಸಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ, ಮುಕ್ತಾಯವೂ ಬೇಗ ಸರಿಹೋಗಿಬಿಡುತ್ತದೆ.

ನವೋದಯದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆಂದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಬಂದ ಶಾಲೆಗಳು ಇವು. ಸೊಲ್ಲಾಪುರ ಜಿಲ್ಲೆಯದು ಮೋಹೋಳ ತಾಲೂಕಿನ ಪೋಖರಾಪುರದಲ್ಲಿದೆ. ಐದನೆಯ ಇಯತ್ತೆಯಲ್ಲಿ ಪರೀಕ್ಷೆ: 80 ಪ್ರಶ್ನೆ, 100 ಗುಣ, ಎರಡು ತಾಸು. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಜಿಲ್ಲೆಗೆ ಹೆಚ್ಚೆಂದರೆ 80 ಜಾಗ. ಸಾವಿರಾರು ಮಕ್ಕಳು ಬರೆದರೂ 80. ಹಾಗಾದರೆ 81ನೆಯ ಮಗು ಪ್ರತಿಭಾವಂತ ಅಲ್ಲವೆ? ಜಾಗ 100 ಇದ್ದಿದ್ದರೆ ಅದೇ ಮಗು ಪ್ರತಿಭಾವಂತನಾಗುತ್ತಿತ್ತು. ಪರೀಕ್ಷೆ ಹೇಳಿದ್ದು ಇಷ್ಟೇ: ಆ ದಿನ, ಆ ಪ್ರಶ್ನೆಗಳಿಗೆ, ಇಷ್ಟು ಜಾಗಕ್ಕೆ ಇವರು. ಚೆನ್ನಾಗಿ ತಯಾರಾಗಿ ಬರೆಯಬೇಕು, ಬಂದ ಉತ್ತರವನ್ನು ಅದರ ಅಳತೆಗಿಂತ ದೊಡ್ಡದು ಮಾಡಬಾರದು. ಎರಡೂ ಮಾತನ್ನು ಒಟ್ಟಿಗೆ ಹೇಳುವುದು ಕಷ್ಟ, ಅದಕ್ಕೇ ಕತೆ ಬೇಕಾಗುವುದು.

ಪಾಲಕರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಎಂಟರವರೆಗೆ ಯಾರನ್ನೂ ನಾಪಾಸು ಮಾಡುವಂತಿರಲಿಲ್ಲ. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟರಲ್ಲಿ ಪರೀಕ್ಷೆಗೆ ದಾರಿಯಾಯಿತು, ಮಹಾರಾಷ್ಟ್ರ 2023ರಲ್ಲಿ ಅದನ್ನು ಜಾರಿಗೆ ತಂದಿತು. ನಾಪಾಸಾದರೆ ಪುನಃ ಪರೀಕ್ಷೆಗೆ ಅವಕಾಶವಿದೆ. ಆದ್ದರಿಂದ ಐದನೆಯ ಇಯತ್ತೆಯ ನಿಕಾಲಿನ ಭಾರ ಮೊದಲಿಗಿಂತ ಹೆಚ್ಚು. ‘ನಮ್ಮ ಹುಡುಗ ದಡ್ಡ ಅದಾನ್ರಿ ಮಾಸ್ತರ, ಏನ್ ಮಾಡೂದು’ ಎಂದು ಹುಡುಗನ ಎದುರಿಗೇ ಹೇಳುವ ತಂದೆ ಅದನ್ನು ಮರ್ಯಾದೆಗಾಗಿ ಹೇಳುತ್ತಾರೆ, ಗುರುಗಳ ಮುಂದೆ ತಗ್ಗಿ ನಡೆಯಬೇಕೆಂದು. ಹುಡುಗ ಮಾತ್ರ ಅದನ್ನು ನಿಜವೆಂದೇ ಕೇಳಿಸಿಕೊಳ್ಳುತ್ತಾನೆ. ಯಾವ ವಿಷಯದಲ್ಲಿ ಯಾವ ಪಾಠ ಬಾರದು ಎಂದು ಕೇಳಿದರೆ ಮಾಸ್ತರರಿಗೂ ಉತ್ತರ ಹೇಳಲು ಅನುಕೂಲ. ಕನ್ನಡ ಶಾಲೆ ಬಿಡಿಸಿ ಬೇರೆ ಮಾಧ್ಯಮಕ್ಕೆ ಹಾಕುವ ನಿರ್ಧಾರ ಎಷ್ಟೋ ಮನೆಗಳಲ್ಲಿ ಇದೇ ಮೇ ತಿಂಗಳಲ್ಲಿ, ಒಂದು ಅಕ್ಷರ ನೋಡಿ ಆಗುತ್ತದೆ. ‘ಡ’ ಬಂದ ಕಾರಣ ಮಗುವಿನದೋ, ಮಾಧ್ಯಮದ್ದೋ, ಬಾರದೇ ಹೋದ ಒಂದೇ ಒಂದು ಭಾಗಾಕಾರದ ಪಾಠದ್ದೋ ಎಂದು ಕೇಳುವ ಮೊದಲೇ ದಾಖಲೆ ಕೈಗೆ ಬಂದಿರುತ್ತದೆ.

ಕೊನೆಯ ತಾಸಿನ ಕೆಲಸ ಹೀಗಿರಲಿ. ಮಹಾರಾಷ್ಟ್ರದ ಪ್ರಗತಿಪುಸ್ತಕದಲ್ಲಿ ಶ್ರೇಣಿಯ ಜೊತೆಗೆ ವರ್ಣನಾತ್ಮಕ ನೋಂದಿಗೂ ಜಾಗವಿದೆ: ವಿಶೇಷ ಪ್ರಗತಿ, ಆಸಕ್ತಿ ಮತ್ತು ಹವ್ಯಾಸ, ಸುಧಾರಣೆ ಬೇಕಾದದ್ದು. ಗುರುಗಳಿಗೆ ಹೊತ್ತು ಸಾಲದೆ ಅಲ್ಲಿ ಹೆಚ್ಚಾಗಿ ಒಂದೇ ಬಗೆಯ ವಾಕ್ಯ ಬೀಳುತ್ತದೆ. ಐವತ್ತು ಮಕ್ಕಳಿಗೆ ಐವತ್ತು ಬೇರೆ ವಾಕ್ಯ ಬರೆಯುವುದೆಂದರೆ ಸುಮ್ಮನೆ ಅಲ್ಲ. ಈ ಸಲ ಆ ಮೂರು ಚೌಕಗಳನ್ನು ಬಿಡಿ ಹಾಳೆಯಲ್ಲಿ ಗೆರೆ ಹಾಕಿ ಮಕ್ಕಳಿಗೇ ಕೊಡಿ. ಪ್ರತಿ ಮಗುವೂ ತನ್ನ ಪಕ್ಕದವರ ಬಗ್ಗೆ ಬರೆಯಲಿ, ತನ್ನ ಬಗ್ಗೆ ಅಲ್ಲ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ‘ಶಾಣ್ಯಾ’, ‘ದಡ್ಡ’, ‘ಚಲೋ’ ಎಂಬ ಮೂರು ಪದ ಬಳಸುವಂತಿಲ್ಲ ಎಂಬುದೊಂದೇ ನಿಯಮ. ಮೊದಮೊದಲು ಪೆನ್ನು ಓಡುವುದಿಲ್ಲ. ಆ ಮೂರು ಪದ ತೆಗೆದರೆ ಇನ್ನೊಬ್ಬರ ಬಗ್ಗೆ ಹೇಳಲು ನಮ್ಮಲ್ಲಿ ಮಾತು ಎಷ್ಟು ಕಡಿಮೆ ಎಂಬುದು ಆಗ ತಿಳಿಯುತ್ತದೆ. ಆಮೇಲೆ ಒಂದೊಂದಾಗಿ ಬರುತ್ತವೆ: ಯಾರು ರೊಟ್ಟಿ ದುಂಡಗೆ ಬಡಿಯುತ್ತಾರೆ, ಯಾರು ಎಸ್‌ಟಿ ಗಾಡಿಯ ವೇಳೆ ಎಲ್ಲ ಬಾಯಿಪಾಠ ಹೇಳುತ್ತಾರೆ, ದವಾಖಾನೆಯಲ್ಲಿ ಆಯಿಯ ಮಾತನ್ನು ಡಾಕ್ಟರಿಗೆ ಮರಾಠಿಯಲ್ಲಿ ತಿಳಿಸಿದವರು ಯಾರು.

ಈ ಹಾಳೆಗಳನ್ನು ಗೋಡೆಗೆ ಅಂಟಿಸುವುದು ಬೇಡ, ಮತ್ತೆ ಹೋಲಿಕೆ ಶುರುವಾಗುತ್ತದೆ. ಒಂದು ಪಾಕೀಟಿನಲ್ಲಿ ಹಾಕಿಟ್ಟು ಜೂನ್‌ನಲ್ಲಿ ಮುಂದಿನ ಇಯತ್ತೆಯ ಗುರುಗಳಿಗೆ, ಮಗು ಬೇರೆ ಊರಿನ ಹಾಯಸ್ಕೂಲಿಗೆ ಹೊರಟಿದ್ದರೆ ಅಲ್ಲಿನ ವರ್ಗಶಿಕ್ಷಕರಿಗೆ, ಮೇಲೆ ಮರಾಠಿಯಲ್ಲಿ ಎರಡು ಸಾಲು ಬರೆದು ಕಳಿಸಿಕೊಡಿ.